ವಾದ್ಯವೃಂದದಲ್ಲಿ ಬೆಳೆದ ಹುಡುಗರು

ಕೆಲವು ದಿನಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಂದೆಯವರು ನನ್ನನ್ನು ಕಾಣಲು ಬಂದಿದ್ದರು. ಹುಡುಗನು ವಾರಕ್ಕೆ ಮೂರು ಸಂಜೆ ಗೆಳೆಯರೊಡನೆ ಕೂಡಿ ಪಿಟೀಲು ಬಾರಿಸುವ ಗೋಷ್ಠಿಗೆ ಹೋಗುತ್ತಾನೆ. ತಂದೆಯವರು ಸಂಗೀತದ್ವೇಷಿಗಳಲ್ಲ, ರಾಮೋತ್ಸವದ ಕಚೇರಿಗಳಲ್ಲಿ ಮೊದಲ ಸಾಲಿನಲ್ಲಿ ಕುಳಿತು ತಲೆದೂಗುವವರೇ. "ಆದರೆ ಮೇಷ್ಟ್ರೇ, ಇವನು ವಿದ್ವಾಂಸನಾಗುವವನಲ್ಲ, ಎಂಜಿನಿಯರಾಗಬೇಕಾದವನು. ಇಪ್ಪತ್ತು ಮಂದಿಯ ನಡುವೆ ಕುಳಿತು ಪಿಟೀಲು ಉಜ್ಜಿದರೆ ನಾಳೆ ಯಾವ ಸೇತುವೆ ನಿಂತೀತು? ಇವನು ಒಬ್ಬನೇ ಬಾರಿಸಿದರೆ ಕೇಳುವುದಕ್ಕಾದರೂ ಆದೀತು, ಗುಂಪಿನಲ್ಲಿ ಇವನ ಸ್ವರ ಯಾವುದೆಂದು ದೇವರಿಗೇ ಗೊತ್ತು" ಎಂದರು. ನಾನು ಚರಿತ್ರೆಯ ಉಪಾಧ್ಯಾಯನೇ ಹೊರತು ಸಂಗೀತಜ್ಞನಲ್ಲ. ಅಂದು ಅವರಿಗೆ ಕಾಫಿ ಕೊಟ್ಟು ಏನೋ ಸಮಾಧಾನ ಹೇಳಿ ಕಳುಹಿಸಿದೆನು. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವರಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಇಡಲು ಯತ್ನಿಸುತ್ತೇನೆ.

ಈ ಪ್ರಶ್ನೆಗೆ ಸುಲಭವಾದ ಒಂದು ಉತ್ತರವುಂಟು: ಸಂಗೀತವು ಬುದ್ಧಿಯನ್ನು ಚುರುಕುಗೊಳಿಸುತ್ತದೆ, ಆದ್ದರಿಂದ ಎಲ್ಲ ಕೆಲಸಕ್ಕೂ ಒಳ್ಳೆಯದು ಎಂಬುದು. ಈ ಉತ್ತರವನ್ನು ನಾನು ಕೊಡಲಾರೆನು. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಟಿನ್ ವ್ಯಾಕರಣದ ಪರವಾಗಿಯೂ ರೇಖಾಗಣಿತದ ಪರವಾಗಿಯೂ ಹೀಗೆಯೇ ವಾದಿಸುತ್ತಿದ್ದರು. ಬುದ್ಧಿಯೆಂಬುದು ಗರಡಿಯಾಳಿನ ತೋಳಿದ್ದಂತೆ, ಯಾವ ಗದೆಯನ್ನು ತಿರುಗಿಸಿದರೂ ಬಲಿಯುತ್ತದೆ ಎಂದು ಅವರ ಎಣಿಕೆ. 1901ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ಮಾತನ್ನು ಪರೀಕ್ಷೆಗೊಡ್ಡಿದರು. ಒಂದು ಆಕಾರದ ಕಾಗದದ ತುಂಡುಗಳ ವಿಸ್ತೀರ್ಣವನ್ನು ಕಣ್ಣಳತೆಯಲ್ಲಿ ಹೇಳುವುದನ್ನು ಚೆನ್ನಾಗಿ ಅಭ್ಯಾಸಮಾಡಿದವರೂ, ಬೇರೆ ಆಕಾರದ, ಬೇರೆ ಅಳತೆಯ ತುಂಡುಗಳು ಬಂದಾಗ ಅಷ್ಟಾಗಿ ಮೇಲುಗೈ ತೋರಲಿಲ್ಲ. ಎರಡು ಕೆಲಸಗಳಲ್ಲಿಯೂ ಸಮಾನವಾದ ಅಂಶಗಳು ಎಷ್ಟಿವೆಯೋ ಅಷ್ಟೇ ಅಭ್ಯಾಸದ ಫಲವು ಒಂದರಿಂದ ಮತ್ತೊಂದಕ್ಕೆ ಸಾಗುವುದು ಎಂದು ಅವರು ನಿರ್ಣಯಿಸಿದರು. ಗಾಳಿಗೋಪುರಗಳನ್ನು ಕಟ್ಟದಂತೆ ಈ ಮಾತು ನಮ್ಮನ್ನು ತಡೆಯಲಿ. ಹಾಗಾದರೆ ಕೇಳಬೇಕಾದುದಿಷ್ಟು: ವಾದ್ಯವೃಂದದಲ್ಲಿ ಕುಳಿತ ಹುಡುಗನು ಮಾಡುವ ಕೆಲಸದಲ್ಲಿ, ಮುಂದೆ ಅವನು ಬೇರೆ ವೃತ್ತಿಯಲ್ಲಿ ಮಾಡಬೇಕಾದ ಕೆಲಸದ ಅಂಶಗಳು ಯಾವುವಾದರೂ ಇವೆಯೆ?

ಮೊದಲು ಒಂದು ಚಿಕ್ಕ ಸಂಗತಿ. ಜರ್ಮನಿಯ ಲೈಪ್ಸಿಗ್ ನಗರಕ್ಕೆ 1701ರಲ್ಲಿ ಟೆಲೆಮಾನ್ ಎಂಬ ತರುಣನು ನ್ಯಾಯಶಾಸ್ತ್ರ ಕಲಿಯಲು ಬಂದನು. ಮಗನು ಸಂಗೀತದ ಗೀಳು ಬಿಟ್ಟು ವಕೀಲನಾಗಲಿ ಎಂಬುದು ಆತನ ತಾಯಿಯ ಅಪೇಕ್ಷೆ. ತಂದೆತಾಯಿಯರ ಚಿಂತೆ ಎಲ್ಲ ಕಾಲದಲ್ಲಿಯೂ ಒಂದೇ. ಮರುವರ್ಷವೇ ಅವನು ವಿಶ್ವವಿದ್ಯಾನಿಲಯದ ಹುಡುಗರನ್ನು ಸೇರಿಸಿ ಒಂದು ವಾದ್ಯಮಂಡಲಿಯನ್ನು ಕಟ್ಟಿದನು. ಒಮ್ಮೊಮ್ಮೆ ನಲವತ್ತು ಮಂದಿಯವರೆಗೂ ಅದರಲ್ಲಿ ಸೇರುತ್ತಿದ್ದರು. ಟೆಲೆಮಾನನು ವಕೀಲನಾಗಲಿಲ್ಲ, ಪ್ರಖ್ಯಾತ ವಾಗ್ಗೇಯಕಾರನಾದನು. 1729ರಲ್ಲಿ ಈ ಮಂಡಲಿಯ ಯಜಮಾನಿಕೆಯನ್ನು ವಹಿಸಿದವನು ಸಾಕ್ಷಾತ್ ಯೋಹಾನ್ ಸೆಬಾಸ್ಟಿಯನ್ ಬಾಖ್. ಚಳಿಗಾಲದ ಶುಕ್ರವಾರಗಳಂದು ಸಿಮ್ಮರ್‌ಮಾನ್ ಎಂಬಾತನ ಕಾಫಿಯ ಅಂಗಡಿಯಲ್ಲಿ ಇವರ ಕಚೇರಿ. ಹಗಲೆಲ್ಲ ಧರ್ಮಶಾಸ್ತ್ರ, ನ್ಯಾಯಶಾಸ್ತ್ರಗಳ ಪಾಠ ಒಪ್ಪಿಸಿ ಸಂಜೆ ಬಾಖನ ಕೈಕೆಳಗೆ ಪಿಟೀಲು ಹಿಡಿದ ಈ ಹುಡುಗರಲ್ಲಿ ಅನೇಕರು ಮುಂದೆ ಪಾದ್ರಿಗಳೂ ನ್ಯಾಯವಾದಿಗಳೂ ಆದರು. ಅವರ ಹೆಸರುಗಳನ್ನು ಸಂಗೀತದ ಚರಿತ್ರೆಯು ಬರೆದಿಟ್ಟುಕೊಳ್ಳಲಿಲ್ಲ. ಸಂಗೀತದಿಂದ ಅವರಿಗೆ ಆದ ಲಾಭವನ್ನು ಹೇಳುವ ಸಾಕ್ಷಿ ನಮ್ಮಲ್ಲಿಲ್ಲ. ಆದ್ದರಿಂದ, ಸಾಕ್ಷಿ ವಿಪುಲವಾಗಿರುವ ಒಂದು ಕುಟುಂಬದ ಕಡೆಗೆ ಹೋಗೋಣ.

ಹ್ಯಾನೋವರ್ ಸಂಸ್ಥಾನದ ಕಾವಲು ದಂಡಿನ ಬ್ಯಾಂಡಿನಲ್ಲಿ ಐಸಾಕ್ ಹರ್ಷೆಲ್ ಎಂಬವನು ಓಬೋ ಎಂಬ ವಾದ್ಯವನ್ನು ಊದುತ್ತಿದ್ದನು. ಜೊಂಡಿನ ನಾಲಗೆಯನ್ನು ತುಟಿಯಲ್ಲಿ ಹಿಡಿದು ಊದುವ ಈ ವಾದ್ಯವು ನಮ್ಮ ನಾಗಸ್ವರಕ್ಕೆ ದೂರದ ನಂಟು. ಸಂಬಳ ಅಲ್ಪ, ಮಕ್ಕಳು ಬಹಳ. ಆದರೂ ಆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ತಂದೆಗೂ ಗಂಡುಮಕ್ಕಳಿಗೂ ನ್ಯೂಟನ್, ಲೈಬ್‌ನಿಟ್ಸರ ವಿಷಯವಾಗಿ ಚರ್ಚೆ ನಡೆಯುತ್ತಿತ್ತೆಂದೂ, ಬೆಳಗ್ಗೆ ಪಾಠಶಾಲೆಗೆ ಏಳಬೇಕಾದ ಚಿಕ್ಕ ಮಕ್ಕಳು ಎಚ್ಚತ್ತಾರೆಂದು ತಾಯಿ ಗದರಿಸುತ್ತಿದ್ದಳೆಂದೂ ಮಗಳು ಕ್ಯಾರೊಲೈನ್ ಬರೆದಿಟ್ಟಿದ್ದಾಳೆ. ಮಗ ವಿಲಿಯಮ್ ಹುಟ್ಟಿದ್ದು 1738ರಲ್ಲಿ. 1753ರಲ್ಲಿ, ಹದಿನಾಲ್ಕು ವರ್ಷದ ಹುಡುಗನಾಗಿ, ಅವನು ತಂದೆಯ ಬ್ಯಾಂಡಿಗೆ ಓಬೋ ಮತ್ತು ಪಿಟೀಲು ವಾದಕನಾಗಿ ಸೇರಿದನು. ಅಣ್ಣ ಯಾಕೋಬನೂ ಅಲ್ಲಿಯೇ ಇದ್ದನು.

ದಂಡಿನ ಬ್ಯಾಂಡು ಸುಖದ ಪಾಠಶಾಲೆಯಲ್ಲ. 1757ರ ಜುಲೈ ತಿಂಗಳಲ್ಲಿ ಹಾಸ್ಟೆನ್‌ಬೆಕ್ ಎಂಬಲ್ಲಿ ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಹ್ಯಾನೋವರಿನ ಪಕ್ಷವು ಸೋತಿತು. ವಾದ್ಯಗಾರರಿಗೆ ಅಲ್ಲಿ ಕೆಲಸವಿರಲಿಲ್ಲ. ಗುಂಡುಗಳು ಮಾತ್ರ ಇದ್ದವು. ತಂದೆಯ ಸಲಹೆಯಂತೆ ಹುಡುಗನು ದಂಡನ್ನು ಬಿಟ್ಟು ಅಣ್ಣನೊಡನೆ ಇಂಗ್ಲೆಂಡಿಗೆ ಹೋದನು. ಇವನು ದಂಡಿನಿಂದ ಓಡಿಹೋದ ಅಪರಾಧಿ, ಮುಂದೆ ದೊರೆಯು ಕ್ಷಮಾಪತ್ರ ಕೊಟ್ಟನು ಎಂಬ ರಂಜಕವಾದ ಕಥೆಯೊಂದು ಬಹುಕಾಲ ಪ್ರಚಾರದಲ್ಲಿತ್ತು. ಆದರೆ 1762ರಲ್ಲಿ ಅವನಿಗೆ ಕ್ರಮವಾಗಿ ಬಿಡುಗಡೆಯ ಪತ್ರ ದೊರೆತದ್ದುಂಟು. ಕಥೆ ಸೊಗಸಾಗಿದ್ದಷ್ಟೂ ಚರಿತ್ರೆಯವನು ಎಚ್ಚರವಾಗಿರಬೇಕು.

ಲಂಡನಿನಲ್ಲಿ ಹರ್ಷೆಲನು ಹೊಟ್ಟೆಪಾಡಿಗಾಗಿ ಸ್ವರಲಿಪಿಗಳನ್ನು ಪ್ರತಿಮಾಡಿದನು. 1760ರಲ್ಲಿ ಉತ್ತರದೇಶದ ಡರ್ಹಮ್ ಮಿಲಿಷಿಯಾದ ಬ್ಯಾಂಡಿಗೆ ಮುಖ್ಯಸ್ಥನಾದನು. ಕುದುರೆಯ ಮೇಲೆ ಊರೂರು ತಿರುಗುತ್ತ, ನಾಲ್ಕೈದು ವರ್ಷಗಳಲ್ಲಿ ಇಪ್ಪತ್ತನಾಲ್ಕು ಸಿಂಫೊನಿಗಳನ್ನು ರಚಿಸಿದನು. 1766ರ ಕೊನೆಯಲ್ಲಿ ಬಾತ್ ಎಂಬ ವಿಹಾರಪಟ್ಟಣದ ಆಕ್ಟಗನ್ ದೇವಮಂದಿರಕ್ಕೆ ಆರ್ಗನ್ ವಾದಕನಾಗಿ ಬಂದನು. ಅಲ್ಲಿ ಕಚೇರಿ, ಪಾಠ, ಗಾಯಕರ ತರಬೇತಿ. ವಾರಕ್ಕೆ ಮೂವತ್ತಕ್ಕೂ ಹೆಚ್ಚು ಪಾಠಗಳು. ಇಷ್ಟರವರೆಗೆ ಇದು ಯಶಸ್ವಿಯಾದ ಒಬ್ಬ ಸಂಗೀತಗಾರನ ಚರಿತ್ರೆ, ಅಷ್ಟೆ.

ಆದರೆ ಅವನು ತನ್ನ ಕಸುಬಿನ ಶಾಸ್ತ್ರವನ್ನು ತಿಳಿಯಲೆಂದು ರಾಬರ್ಟ್ ಸ್ಮಿತ್ ಎಂಬ ಪಂಡಿತನ ನಾದಶಾಸ್ತ್ರದ ಗ್ರಂಥವನ್ನು ಓದಿದನು. ಅದು ಹಿಡಿಸಿತು. ಅದೇ ಪಂಡಿತನು ಬೆಳಕಿನ ಶಾಸ್ತ್ರದ ಮೇಲೆ ಮತ್ತೊಂದು ಗ್ರಂಥವನ್ನು ಬರೆದಿದ್ದನು, ಅದನ್ನೂ ಓದಿದನು. ಅದರಲ್ಲಿ ದೂರದರ್ಶಕ ಯಂತ್ರವನ್ನು ಕಟ್ಟುವ ಕ್ರಮವಿತ್ತು. 1773ರಲ್ಲಿ ತಾನೇ ಲೋಹದ ಕನ್ನಡಿಗಳನ್ನು ಅರೆಯಲಾರಂಭಿಸಿದನು. ತಾಮ್ರ ತವರಗಳ ಮಿಶ್ರಲೋಹವನ್ನು ಎರಕಹೊಯ್ದು, ಕೈಯಿಂದ ತಿಕ್ಕಿ ತಿಕ್ಕಿ ನಯಗೊಳಿಸಬೇಕು. ಕೊನೆಯ ಹಂತದಲ್ಲಿ ಕೈ ತೆಗೆದರೆ ಕೆಟ್ಟಿತು. ಒಮ್ಮೆ ಹದಿನಾರು ಗಂಟೆಗಳ ಕಾಲ ಅವನು ಕನ್ನಡಿಯಿಂದ ಕೈ ತೆಗೆಯಲಿಲ್ಲವೆಂದೂ, ತಾನೇ ತುತ್ತು ತುತ್ತಾಗಿ ಅವನ ಬಾಯಿಗೆ ಆಹಾರವಿಟ್ಟೆನೆಂದೂ ತಂಗಿ ಬರೆಯುತ್ತಾಳೆ. ತಮ್ಮ ಅಲೆಕ್ಸಾಂಡರನು ಬಾತಿನ ವಾದ್ಯವೃಂದದಲ್ಲಿ ಚೆಲ್ಲೋ ಬಾರಿಸುತ್ತಿದ್ದವನು. ಯಂತ್ರಕ್ಕೆ ಬೇಕಾದ ಹಿತ್ತಾಳೆಯ ಕೆಲಸವೆಲ್ಲ ಅವನದು. ಒಂದೇ ಮೇಳದವರು ವಾದ್ಯಗಳನ್ನು ಕೆಳಗಿಟ್ಟು ಅರ, ಕುಲುಮೆಗಳನ್ನು ಕೈಗೆ ತೆಗೆದುಕೊಂಡರು, ಅಷ್ಟೆ.

1781ನೆಯ ಇಸವಿ ಮಾರ್ಚಿ 13ರ ರಾತ್ರಿ, ನ್ಯೂ ಕಿಂಗ್ ಬೀದಿಯ ಮನೆಯ ಹಿತ್ತಲಿನಲ್ಲಿ, ಏಳಡಿ ಉದ್ದದ ದೂರದರ್ಶಕದಲ್ಲಿ ಅವನು ಮಿಥುನರಾಶಿಯ ಹತ್ತಿರ ಒಂದು ಚುಕ್ಕೆಯನ್ನು ಕಂಡು, ಇದು ನಕ್ಷತ್ರವಲ್ಲ ಎಂದುಕೊಂಡನು. ಧೂಮಕೇತುವಿರಬೇಕೆಂದು ಅವನ ಊಹೆ. ಅದು ಹೊಸ ಗ್ರಹವಾಗಿತ್ತು. ಈಗ ನಾವು ಯುರೇನಸ್ ಎನ್ನುತ್ತೇವೆ. ಶನಿಗ್ರಹವೇ ಎಲ್ಲೆಯೆಂದು ಪ್ರಾಚೀನಕಾಲದಿಂದ ತಿಳಿದಿದ್ದ ಸೂರ್ಯಮಂಡಲದ ವಿಸ್ತಾರವು ಒಂದೇ ರಾತ್ರಿಯಲ್ಲಿ ಇಮ್ಮಡಿಯಾಯಿತು.

ಇದನ್ನು ಅದೃಷ್ಟವೆಂದು ಕೆಲವರು ಆಗಲೇ ಹೇಳಿದರು. ಹರ್ಷೆಲನು ಅದನ್ನು ಒಪ್ಪಲಿಲ್ಲ. ಆಕಾಶದ ನಕ್ಷತ್ರಗಳನ್ನೆಲ್ಲ ಕ್ರಮವಾಗಿ ಒಂದೊಂದನ್ನಾಗಿ ನೋಡುತ್ತ ಬಂದಿದ್ದೆನು, ಆ ರಾತ್ರಿ ಇದರ ಸರದಿ ಬಂದಿತ್ತು ಎಂಬುದೇ ಅವನ ಉತ್ತರ. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅದೇ ಚುಕ್ಕೆಯನ್ನು 1690ರಲ್ಲಿಯೇ ಇಂಗ್ಲೆಂಡಿನ ರಾಜಜ್ಯೋತಿಷಿ ಫ್ಲಾಮ್‌ಸ್ಟೀಡನು ನಕ್ಷತ್ರವೆಂದು ಪಟ್ಟಿಯಲ್ಲಿ ಬರೆದಿದ್ದನು. ಫ್ರಾನ್ಸಿನ ಲೆಮಾನಿಯೇ ಎಂಬವನು ಹಲವು ಸಲ ಕಂಡಿದ್ದನು. ಕಂಡವರು ಅವರು, ಗುರುತಿಸಿದವನು ಇವನು. ಇವನ ಯಂತ್ರ ಉತ್ತಮವಾಗಿತ್ತೆಂಬುದು ನಿಜ. ಆದರೆ ಅದೊಂದೇ ಕಾರಣವಲ್ಲ. ತಾನು ಕಾಣುವುದನ್ನು ಬೇರೆಯವರು ತನ್ನ ಯಂತ್ರದಲ್ಲಿಯೂ ಕಾಣಲಾರರೆಂಬ ಸಂಶಯ ಬಂದಾಗ, 1782ರಲ್ಲಿ, ಅವನು ಗೆಳೆಯನೊಬ್ಬನಿಗೆ ಕಾಗದ ಬರೆದನು. ನೋಡುವುದೂ ಕಲಿಯಬೇಕಾದ ಒಂದು ಕಲೆ. ಅಭ್ಯಾಸವಿಲ್ಲದವನನ್ನು ಕರೆತಂದು ಇದನ್ನು ನೋಡೆಂದರೆ, ಆರ್ಗನಿನ ಮುಂದೆ ಕೂರಿಸಿ ಹ್ಯಾಂಡಲನ ಕಠಿನವಾದ ಕೃತಿಯೊಂದನ್ನು ಬಾರಿಸೆಂದಂತಾಗುವುದು. ತಾನು ಎಷ್ಟೋ ರಾತ್ರಿಗಳನ್ನು ನೋಟದ ಸಾಧನೆಯಲ್ಲಿಯೇ ಕಳೆದಿರುವೆನು ಎಂಬುದು ಅದರ ತಾತ್ಪರ್ಯ. ಥಾರ್ನ್‌ಡೈಕನು ಕೇಳಿದ ಸಮಾನಾಂಶವನ್ನು ಇಲ್ಲಿ ಹರ್ಷೆಲನೇ ಬೆರಳಿಟ್ಟು ತೋರಿಸಿದ್ದಾನೆ. ಸಂಗೀತವು ಅವನ ಕಣ್ಣನ್ನು ಚುರುಕುಮಾಡಲಿಲ್ಲ. ಇಂದ್ರಿಯವೊಂದನ್ನು ದಿನವೂ ಸಾಧನೆ ಮಾಡಿದರೆ ಮೊದಲು ತೋರದಿದ್ದುದು ಆಮೇಲೆ ತೋರುವುದೆಂಬ ಅನುಭವವು ಹದಿನಾಲ್ಕನೆಯ ವಯಸ್ಸಿನಿಂದ ಅವನ ಮೈಯಲ್ಲಿತ್ತು. ಶ್ರುತಿಯ ಸೂಕ್ಷ್ಮವು ಮೊದಲ ದಿನವೇ ಯಾರ ಕಿವಿಗೂ ತಿಳಿಯುವುದಿಲ್ಲ.

ಆದರೆ ಇದು ಒಂಟಿಯಾಗಿ ವೀಣೆ ಕಲಿತವನಿಗೂ ಬರುವ ಗುಣವಲ್ಲವೆ, ವಾದ್ಯವೃಂದವೇ ಏಕೆ ಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವು 1783ರ ಮುಂದಿನ ವರ್ಷಗಳಲ್ಲಿದೆ. ಹರ್ಷೆಲನಿಗೆ ಮೂರನೆಯ ಜಾರ್ಜ್ ದೊರೆಯು ವರ್ಷಕ್ಕೆ ಇನ್ನೂರು ಪೌಂಡುಗಳ ವೇತನ ಕೊಟ್ಟ ಮೇಲೆ 1782ರಲ್ಲಿ ಅಣ್ಣತಂಗಿಯರು ಸಂಗೀತವೃತ್ತಿಯನ್ನು ಬಿಟ್ಟರು. ಬಳಿಕ ಇಪ್ಪತ್ತಡಿಯ ದೂರದರ್ಶಕದಿಂದ ಆಕಾಶವನ್ನು ಪಟ್ಟೆಪಟ್ಟೆಯಾಗಿ ಗುಡಿಸುವ ಕೆಲಸ ಆರಂಭವಾಯಿತು. ಅಣ್ಣನು ಬಯಲಿನಲ್ಲಿ ಏಣಿಯ ಮೇಲೆ ಕಣ್ಣನ್ನು ಯಂತ್ರಕ್ಕಿಟ್ಟು ನಿಲ್ಲುವನು. ಕೆಳಗೆ ಒಬ್ಬ ಆಳು ಕೊಳವೆಯನ್ನು ಅಳತೆಯಂತೆ ಏರಿಸಿ ಇಳಿಸುತ್ತಿರುವನು. ತಂಗಿಯು ಕಿಟಕಿಯ ಬಳಿ ಗಡಿಯಾರ, ದೀಪ, ಫ್ಲಾಮ್‌ಸ್ಟೀಡನ ಪಟ್ಟಿಗಳೊಡನೆ ಕುಳಿತಿರುವಳು. ನೀಹಾರಿಕೆಯೊಂದು ನೋಟದ ಮಧ್ಯಕ್ಕೆ ಬಂದ ಕ್ಷಣದಲ್ಲಿ ಅವನು ಕೂಗುವನು. ಅವಳು ಆ ಕ್ಷಣದ ಕಾಲವನ್ನೂ ಎತ್ತರವನ್ನೂ ಬರೆದು, ಬರೆದುದನ್ನು ತಿರುಗಿ ಕೂಗಿ ಹೇಳುವಳು. ಅವನು ಕಣ್ಣು ತೆಗೆಯುವ ಹಾಗಿಲ್ಲ, ದೀಪದ ಬೆಳಕು ಕಣ್ಣಿಗೆ ಬಿದ್ದರೆ ಕತ್ತಲೆಗೆ ಒಗ್ಗಿದ ನೋಟ ಹಾಳು. ಅವಳು ತಡಮಾಡುವ ಹಾಗಿಲ್ಲ, ಆಕಾಶವು ಯಾರಿಗಾಗಿಯೂ ನಿಲ್ಲದು. ಇದು ಮೂವರ ವಾದ್ಯಮೇಳವಲ್ಲದೆ ಮತ್ತೇನು? ತನ್ನ ಪಾಲಿನ ಸ್ವರ ಬರುವವರೆಗೆ ಮನಸ್ಸಿನಲ್ಲಿಯೇ ಆವರ್ತಗಳನ್ನು ಎಣಿಸುತ್ತ ಸುಮ್ಮನಿರುವುದು, ಬಂದ ಕ್ಷಣದಲ್ಲಿ ತಪ್ಪದೆ ಎತ್ತುವುದು, ಮತ್ತೊಬ್ಬನ ಕೈಯನ್ನು ನೋಡದೆ ಕಿವಿಯಿಂದಲೇ ಅವನೊಡನೆ ಹೊಂದಿಕೊಳ್ಳುವುದು, ಇವೆಲ್ಲ ಗೋಷ್ಠಿಯಲ್ಲಿ ಕುಳಿತವನು ಮಾತ್ರ ಕಲಿಯುವ ವಿದ್ಯೆ. ಹೀಗೆ ಇಪ್ಪತ್ತು ವರ್ಷಗಳಲ್ಲಿ ಅವರು ಎರಡೂವರೆ ಸಾವಿರ ನೀಹಾರಿಕೆ, ನಕ್ಷತ್ರಪುಂಜಗಳನ್ನು ಪಟ್ಟಿಮಾಡಿದರು. ಆ ಪಟ್ಟಿಗಳನ್ನು ನಕಲುಮಾಡಿದ ಕೈ ಕ್ಯಾರೊಲೈನಳದು. ಬಾತಿನಲ್ಲಿ ಗಾಯಕರಿಗಾಗಿ ಸ್ವರಪತ್ರಗಳನ್ನು ತಪ್ಪಿಲ್ಲದೆ ಪ್ರತಿಮಾಡುತ್ತಿದ್ದ ಕೈಯೂ ಅದೇ.

ಈ ಹೆಣ್ಣುಮಗಳ ವಿಷಯವಾಗಿ ಒಂದೆರಡು ಮಾತು ಹೆಚ್ಚಾಗಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ತಾಯಿಯು ಅವಳನ್ನು ಮನೆಗೆಲಸಕ್ಕೆಂದೇ ಬೆಳೆಸಿದಳು. ತಾಯಿಯ ಮನಸ್ಸು ಪ್ರಸನ್ನವಾಗಿದ್ದಾಗಲೋ ಅವಳು ಮನೆಯಲ್ಲಿಲ್ಲದಾಗಲೋ ತಂದೆಯು ಮಗಳಿಗೆ ಒಂದಿಷ್ಟು ಪಿಟೀಲು ಹೇಳಿಕೊಡುತ್ತಿದ್ದನು. 1772ರಲ್ಲಿ ವಿಲಿಯಮನು, ಅವಳ ಬದಲು ಆಳನ್ನಿಡಲು ತಾಯಿಗೆ ಹಣ ಗೊತ್ತುಮಾಡಿಕೊಟ್ಟು, ಅವಳನ್ನು ಬಿಡಿಸಿಕೊಂಡು ಬಂದನು. ಹ್ಯಾಂಡಲನ ಮಹಾಕೃತಿಗಳಲ್ಲಿ ಮುಖ್ಯ ಗಾಯಕಿಯಾಗಿ ಅವಳು ಹಾಡಿದಳು. 1778ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಆಹ್ವಾನ ಬಂದಾಗ, ಅಣ್ಣನ ಮೇಳದ ಹೊರತು ಬೇರೆಲ್ಲಿಯೂ ಹಾಡೆನೆಂದು ನಿರಾಕರಿಸಿದಳು. ನಾಲ್ಕೇ ವರ್ಷಗಳಲ್ಲಿ ಆ ಮೇಳವೇ ಇಲ್ಲವಾಯಿತು. ಮುಂದೆ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು, 1787ರಿಂದ ದೊರೆಯ ಬೊಕ್ಕಸದಿಂದ ವರ್ಷಕ್ಕೆ ಐವತ್ತು ಪೌಂಡುಗಳ ಸಂಬಳ ಪಡೆದಳು, 1828ರಲ್ಲಿ ಜ್ಯೋತಿಶ್ಶಾಸ್ತ್ರ ಸಂಘದ ಚಿನ್ನದ ಪದಕವೂ ಬಂದಿತು. ಆದರೂ ತನ್ನ ಕಂಠವನ್ನು ಬಿಟ್ಟುಕೊಟ್ಟುದು ತಾನಾಗಿ ಆರಿಸಿಕೊಂಡ ದಾರಿಯಲ್ಲವೆಂಬ ನೋವು ಅವಳ ಆತ್ಮಕಥನದಲ್ಲಿ ಅಲ್ಲಲ್ಲಿ ಕಾಣುತ್ತದೆ. ಬೇರೆ ವೃತ್ತಿಗೆ ಸಂಗೀತದಿಂದಾಗುವ ಪ್ರಯೋಜನವನ್ನು ಎಣಿಸುವಾಗ ಈ ಪುಟವನ್ನೂ ಮಗುಚಿನೋಡಬೇಕು. ವೆನಿಸ್ ನಗರದ ಪಿಯೆತಾ ಅನಾಥಾಲಯದಲ್ಲಿ ವಿವಾಲ್ದಿಯಂತಹ ಗುರುವಿನ ಬಳಿ ಕಲಿತು ಯೂರೋಪಿನ ಪ್ರವಾಸಿಗರನ್ನೆಲ್ಲ ಬೆರಗುಗೊಳಿಸಿದ ಹುಡುಗಿಯರು, ಮದುವೆಯಾಗಿ ಹೊರಗೆ ಹೋಗುವಾಗ ಸಾರ್ವಜನಿಕವಾಗಿ ಬಾರಿಸುವುದಿಲ್ಲವೆಂದು ಒಪ್ಪಿಕೊಡಬೇಕಾಗಿತ್ತು. ಅವರ ಮನೆಗಳು ಬಹು ಶಿಸ್ತಿನಿಂದ ನಡೆದಿರಬಹುದು. ಅದನ್ನು ಲಾಭವೆನ್ನಲು ನನ್ನ ನಾಲಗೆ ಏಳದು.

ಮೈಸೂರಿನ ಶ್ರೋತೃಗಳಿಗೆ ಇಲ್ಲಿ ಶ್ರೀ ಜಯಚಾಮರಾಜ ಒಡೆಯರವರ ನೆನಪು ಬಾರದಿರದು. ನಾಲ್ವಡಿಯವರ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಕರ್ನಾಟಕ ಬ್ಯಾಂಡೂ ಎರಡೂ ಇದ್ದವು. ಅವುಗಳ ನಾದದ ನಡುವೆ ಬೆಳೆದ ಈ ರಾಜಕುಮಾರರು ಪಿಯಾನೋ ವಿದ್ಯೆಯಲ್ಲಿ ಉಚ್ಚ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಕಚೇರಿಯ ವಾದಕರಾಗುವ ಆಸೆಯನ್ನೂ ಇಟ್ಟುಕೊಂಡಿದ್ದರು. 1940ರಲ್ಲಿ ಸಿಂಹಾಸನವು ಬಂದು ಆ ಆಸೆ ಕೈಬಿಟ್ಟಿತು. ಪಿಯಾನೋ ಒಂಟಿ ವಾದ್ಯವಾದ್ದರಿಂದ ನನ್ನ ವಾದಕ್ಕೆ ಇದು ನೇರವಾದ ಸಾಕ್ಷಿಯಲ್ಲ. ಆದರೆ ಲಂಡನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಅದರ ಬಾಲ್ಯಕಾಲದಲ್ಲಿ ಆಸರೆಯಾಗಿ ನಿಂತವರು ಇವರೆಂಬುದನ್ನು ಹೇಳದೆ ಬಿಡಲಾರೆನು.

ಒಬ್ಬ ಹರ್ಷೆಲನ ಮೇಲೆ ಸಿದ್ಧಾಂತವನ್ನು ಕಟ್ಟಲಾಗದೆಂದು ನನಗೂ ಗೊತ್ತು. ಅದೇ ದಂಡಿನ ಬ್ಯಾಂಡಿನಲ್ಲಿ ಊದಿದ ಮಿಕ್ಕವರಾರೂ ಗ್ರಹಗಳನ್ನು ಕಂಡುಹಿಡಿಯಲಿಲ್ಲ. ಹೆಚ್ಚು ಮಂದಿ ಮಕ್ಕಳನ್ನು ಒಟ್ಟಿಗೆ ನೋಡಬೇಕಾದರೆ ನಮ್ಮ ಕಾಲಕ್ಕೆ ಬರಬೇಕು. 1948ರಲ್ಲಿ ರೂತ್ ರೇಲ್ಟನ್ ಎಂಬ ಮಹಿಳೆಯು ಬ್ರಿಟನ್ನಿನ ರಾಷ್ಟ್ರೀಯ ಯುವ ವಾದ್ಯವೃಂದವನ್ನು ಸ್ಥಾಪಿಸಿದಳು. ಹದಿಹರೆಯದ ಹುಡುಗ ಹುಡುಗಿಯರನ್ನು ರಜೆಯ ದಿನಗಳಲ್ಲಿ ಕೂಡಿಸಿ ತರಬೇತು ಕೊಟ್ಟು ಕಚೇರಿ ನಡೆಸುವುದು ಅದರ ಕ್ರಮ. ಮೊದಲ ಕಚೇರಿ ನಡೆದದ್ದು, ನೋಡಿ, ಹರ್ಷೆಲನ ಬಾತ್ ಪಟ್ಟಣದಲ್ಲಿಯೇ. ಕ್ಯಾರೊಲೈನಳು ತೀರಿಕೊಂಡು ಸರಿಯಾಗಿ ನೂರು ವರ್ಷಗಳಾದಾಗ.

ಇದಕ್ಕಿಂತ ದೊಡ್ಡ ಸಾಹಸವು ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದಲ್ಲಿ ನಡೆಯಿತು. ಹೋಸೆ ಆಂಟೋನಿಯೋ ಅಬ್ರೇಯು ಎಂಬವನು ಸಂಗೀತಗಾರನೂ ಹೌದು, ಅರ್ಥಶಾಸ್ತ್ರದ ಪಂಡಿತನೂ ಹೌದು. 1975ರಲ್ಲಿ ರಾಜಧಾನಿ ಕರಾಕಾಸಿನ ಒಂದು ಮೋಟಾರು ಗ್ಯಾರೇಜಿನಲ್ಲಿ ಹನ್ನೊಂದು ಹುಡುಗರೊಡನೆ ಅವನು ಆರಂಭಿಸಿದ ಗೋಷ್ಠಿಯು ದೇಶವ್ಯಾಪಿಯಾಗಿ ಹಬ್ಬಿ ಲಕ್ಷಗಟ್ಟಲೆ ಮಕ್ಕಳನ್ನು ಸೇರಿಸಿಕೊಂಡಿತು. 2021ರಲ್ಲಿ ಅವರು ಎಂಟು ಸಾವಿರದ ಐನೂರಕ್ಕೂ ಹೆಚ್ಚು ಮಂದಿ ವಾದಕರನ್ನು ಒಂದೆಡೆ ಕೂಡಿಸಿ ವಿಶ್ವದಾಖಲೆ ಮಾಡಿದರು. ಇವರೆಲ್ಲ ಸಂಗೀತಗಾರರಾಗಲೆಂದು ಅಬ್ರೇಯುವಿನ ಉದ್ದೇಶವಿರಲಿಲ್ಲ. ಒಟ್ಟಿಗೆ ಬಾರಿಸಿದವರು ಒಟ್ಟಿಗೆ ಬಾಳಲು ಕಲಿಯುತ್ತಾರೆಂಬುದು ಅವನ ನಂಬಿಕೆ.

ನಂಬಿಕೆಯನ್ನು ತೂಗಿನೋಡಿದವರೂ ಉಂಟು. 2014ರಲ್ಲಿ ಜೆಫ್ರಿ ಬೇಕರ್ ಎಂಬ ಇಂಗ್ಲಿಷ್ ವಿದ್ವಾಂಸನು ಇದರ ಮೇಲೆ ಕಟುವಾದ ಗ್ರಂಥವನ್ನೇ ಬರೆದನು. ವಾದ್ಯವೃಂದವೆಂದರೆ ಒಬ್ಬನ ಕೋಲಿಗೆ ನೂರು ಮಂದಿ ಕುಣಿಯುವುದು. ಇದರಿಂದ ವಿಧೇಯತೆ ಬರುವುದೇ ಹೊರತು ಸ್ವತಂತ್ರಬುದ್ಧಿ ಬಾರದು ಎಂಬುದು ಅವನ ಆಕ್ಷೇಪಗಳಲ್ಲಿ ಒಂದು. ತಳ್ಳಿಹಾಕತಕ್ಕ ಮಾತಲ್ಲ. ಮುಂದೆ ಅಮೆರಿಕ ಖಂಡಗಳ ಅಭಿವೃದ್ಧಿ ಬ್ಯಾಂಕಿನ ಪಂಡಿತರು ಆರರಿಂದ ಹದಿನಾಲ್ಕು ವರ್ಷದ 2,914 ಮಕ್ಕಳನ್ನು ಆರಿಸಿ, ಚೀಟಿಯೆತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ಮೊದಲು ಸೇರಿಸಿಕೊಂಡು, ಇನ್ನೊಂದು ಪಾಲಿನವರನ್ನು ಒಂದು ವರ್ಷ ತಡೆದು, ಇಬ್ಬರನ್ನೂ ಹೋಲಿಸಿದರು. ಇಡೀ ಗುಂಪನ್ನು ನೋಡಿದರೆ ಬುದ್ಧಿಯ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಆತ್ಮಸಂಯಮದಲ್ಲಿ ಮತ್ತು ನಡತೆಯಲ್ಲಿ. ಅದೂ ವಿಶೇಷವಾಗಿ, ಹೊಡೆದಾಟ ಹಿಂಸೆಗಳ ನಡುವೆ ಬೆಳೆದ ಗಂಡುಹುಡುಗರಲ್ಲಿ. ಬಡವರ ಮಕ್ಕಳಿಗಾಗಿ ಎಂದು ಹೇಳಿದ ಈ ಗೋಷ್ಠಿಗಳಲ್ಲಿ ಸೇರಿದ್ದವರಲ್ಲಿ ಬಡವರ ಪಾಲು ಎಣಿಸಿದುದಕ್ಕಿಂತ ಕಡಮೆಯಿತ್ತೆಂದೂ ಅದೇ ವರದಿ ಒಪ್ಪಿಕೊಳ್ಳುತ್ತದೆ.

ನನಗೆ ಈ ಫಲಿತಾಂಶವು ನಿರಾಶೆ ತರಲಿಲ್ಲ. ಥಾರ್ನ್‌ಡೈಕನ ಮಾತಿಗೂ ಹರ್ಷೆಲನ ಕಾಗದಕ್ಕೂ ಇದು ಹೊಂದುತ್ತದೆ. ನನ್ನನ್ನು ಕಾಣಲು ಬಂದ ಆ ತಂದೆಯವರಿಗೆ ಹುಡುಗನ ಗಣಿತದ ಅಂಕಗಳು ಏರುವುವೆಂದು ನಾನು ಮಾತುಕೊಡಲಾರೆನು. ಗುಂಪಿನಲ್ಲಿ ಅವನ ಸ್ವರ ಯಾವುದೆಂದು ದೇವರಿಗೇ ಗೊತ್ತು ಎಂದರಲ್ಲ, ಆ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿದೆ. ಅವನ ಸ್ವರವು ತಪ್ಪಿದರೆ ಪಕ್ಕದಲ್ಲಿ ಕುಳಿತವನಿಗೆ ಗೊತ್ತು, ಅವನಿಗೂ ಗೊತ್ತು. ಯಾರೂ ಬೆರಳು ತೋರಿಸದಿದ್ದರೂ ಮರುದಿನ ತಿದ್ದಿಕೊಂಡು ಬರುತ್ತಾನೆ. ಸೇತುವೆಯನ್ನು ಕಟ್ಟುವ ಎಂಜಿನಿಯರೂ ತನ್ನ ಪಾಲಿನ ಲೆಕ್ಕವನ್ನು ಯಾರೂ ಕಾಣದ ಕಡೆ ಮಾಡತಕ್ಕವನು. ಅವನ ಕಂಬದ ಮೇಲೆ ಮತ್ತೊಬ್ಬನ ತೊಲೆ ಕೂರಬೇಕು.

ಬಾತಿನ ನ್ಯೂ ಕಿಂಗ್ ಬೀದಿಯ ಆ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಸಂಗೀತದ ಕೊಠಡಿಯೂ ಕಾರ್ಖಾನೆಯೂ ಒಂದೇ ಸೂರಿನ ಕೆಳಗಿವೆ. 1781ರ ಆಗಸ್ಟ್ ತಿಂಗಳಲ್ಲಿ ದೊಡ್ಡ ಕನ್ನಡಿಯೊಂದನ್ನು ಎರಕಹೊಯ್ಯುವಾಗ ಕುಲುಮೆ ಸೋರಿ ಕಾದ ಲೋಹವು ನೆಲದ ಮೇಲೆ ಹರಿಯಿತು. ಹಾಸುಗಲ್ಲುಗಳು ಸಿಡಿದು ಹಾರಿದವು, ಅಣ್ಣತಮ್ಮಂದಿರೂ ಕೆಲಸದವರೂ ಬಾಗಿಲಿಗೆ ಓಡಿದರು. ಒಡೆದ ಆ ಕಲ್ಲುಗಳನ್ನು ಇಂದಿಗೂ ಅಲ್ಲಿ ಕಾಣಬಹುದು.